ಸತ್ಯವೇದದ ಯೌವನಸ್ಥರು

(ಮೇಲುಕೋಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಭಗವದ್ರಾಮಾನುಜರು ಬಂದು ನೆಲೆಸಿದ ಈ ಯದುಗಿರಿಯಲ್ಲಿ, ಚೆಲುವನಾರಾಯಣನ ಗುಡಿಯ ಗಂಟೆ ಕಿವಿಗೆ ಬೀಳುವಷ್ಟು ಸಮೀಪದಲ್ಲಿ ನಿಂತು, ಕ್ರೈಸ್ತರ ಧರ್ಮಗ್ರಂಥವಾದ ಸತ್ಯವೇದವನ್ನು ಕುರಿತು ಮಾತನಾಡಬೇಕೆಂದು ನನಗೆ ಆಜ್ಞೆಯಾದಾಗ, ಒಪ್ಪಿಕೊಳ್ಳುವುದಕ್ಕೆ ಮೊದಲು ಎರಡು ದಿನ ಹಿಂದುಮುಂದು ನೋಡಿದೆನೆಂಬುದನ್ನು ನಿಮ್ಮಲ್ಲಿ ಮುಚ್ಚಿಡಬೇಕಾಗಿಲ್ಲ. ನಾನು ಆ ಮತದಲ್ಲಿ ಹುಟ್ಟಿದವನಲ್ಲ, ಅದನ್ನು ಅವಲಂಬಿಸಿದವನೂ ಅಲ್ಲ. ಗ್ರೀಕ್ ಭಾಷೆಯಲ್ಲಿ ನನಗಿರುವ ಗತಿಯೋ ನಿಘಂಟಿನ ಊರುಗೋಲು ಹಿಡಿದು ತಡವರಿಸುವವನ ಗತಿ. ಕನ್ನಡದ ಮೇಷ್ಟರಾಗಿ ಮೂವತ್ತು ವರ್ಷ ಪ್ರಾಯದ ಹುಡುಗರ ನಡುವೆ ಕಳೆದವನೆಂಬುದೊಂದೇ ನನ್ನ ಅಧಿಕಾರ. ಆದುದರಿಂದ ಕ್ರೈಸ್ತ ಸಿದ್ಧಾಂತದ ಗಹನವಾದ ತತ್ತ್ವಗಳನ್ನು ಅವುಗಳ ಅಧಿಕಾರಿಗಳಿಗೆ ಬಿಟ್ಟು, ಆ ಗ್ರಂಥದಲ್ಲಿ ಬರುವ ತರುಣರನ್ನೂ ಅವರಿಗೆ ದೊರೆತ ಬುದ್ಧಿವಾದವನ್ನೂ ಒಬ್ಬ ಮೇಷ್ಟರ ಕಣ್ಣಿನಿಂದ ನೋಡುವುದಷ್ಟೇ ಈ ಹೊತ್ತಿನ ನನ್ನ ಉದ್ದೇಶ.

ಈ ವಿಷಯ ನಮ್ಮ ಸೀಮೆಗೆ ದೂರದ್ದೆಂದು ಯಾರೂ ಭಾವಿಸಬೇಕಾಗಿಲ್ಲ. ಈ ಬೆಟ್ಟವನ್ನಿಳಿದು ಹೋದರೆ ಸಿಗುವ ಪಾಂಡವಪುರಕ್ಕೆ ನಮ್ಮ ಹಿರಿಯರು ಹಿರೋಡೆಯೆನ್ನುತ್ತಿದ್ದರು. ಹೈದರಾಲಿ ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡುಬಿಟ್ಟಿದ್ದ ಕಾರಣ ಸರ್ಕಾರದ ಕಾಗದಗಳಲ್ಲಿ ಅದು ಬಹುಕಾಲ ಫ್ರೆಂಚ್ ರಾಕ್ಸ್ ಎಂದೇ ಕರೆಸಿಕೊಂಡಿತು. ಇನ್ನೂ ಮುಂದೆ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ, 1799ರ ಯುದ್ಧ ಮುಗಿದ ಬಳಿಕ, ಅಬ್ಬೆ ದ್ಯುಬುವಾ ಎಂಬ ಫ್ರೆಂಚ್ ಪಾದ್ರಿ ಬಂದು ನೆಲಸಿದನು. 1792ರಲ್ಲಿ ದೀಕ್ಷೆ ಪಡೆದು ಆಗಲೇ ಹಡಗು ಹತ್ತಿ ಬಂದಿದ್ದ ಈ ತರುಣನು ನಮ್ಮವರಂತೆಯೇ ಉಡುಗೆ ತೊಟ್ಟು, ಮಾಂಸಾಹಾರವನ್ನು ಬಿಟ್ಟು, ನಮ್ಮ ಜನದ ನಡುವೆಯೇ ಮೂವತ್ತು ವರ್ಷಗಳ ಮೇಲೆ ಬಾಳಿ, ಸಿಡುಬಿಗೆ ದೇವಿ ಹಾಕಿಸಿಕೊಳ್ಳುವಂತೆ ಊರೂರಿನಲ್ಲಿ ಒಲಿಸಿ, 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿದನು. ನಮ್ಮ ಆಚಾರಗಳನ್ನು ಕುರಿತು ಅವನು ಬರೆದ ದೊಡ್ಡ ಪುಸ್ತಕದಲ್ಲಿ ನಮಗೆ ಕೋಪ ಬರಿಸುವ ಪುಟಗಳು ಕಡಮೆಯಿಲ್ಲ, ಅವುಗಳಲ್ಲಿ ಕೆಲವಕ್ಕೆ ಬಂದ ಕೋಪ ನ್ಯಾಯವಾದುದೇ. ಆದರೆ ಅವನನ್ನು ಪಟ್ಟಣಕ್ಕೆ ಕರೆಸಿದ ಕಾರ್ಯ ಪುಸ್ತಕ ಬರೆಯುವುದಾಗಿರಲಿಲ್ಲ. 1784ರಲ್ಲಿ ಕೆನರಾ ಕರಾವಳಿಯಿಂದ ಸೆರೆಯಾಗಿ ಘಟ್ಟ ಹತ್ತಿಸಲ್ಪಟ್ಟ ಕ್ರೈಸ್ತ ಕುಟುಂಬಗಳಲ್ಲಿ ಪ್ರಾಯದ ಹುಡುಗರು ಸುಲ್ತಾನನ ದಳಗಳಿಗೆ ಸೇರಿಸಲ್ಪಟ್ಟು, ಹೆಸರೂ ಮತವೂ ಬದಲಾಗಿ, ಹದಿನೈದು ವರ್ಷಗಳ ಮೇಲೆ ಕೋಟೆ ಬಿದ್ದಾಗ ಅತ್ತಲೂ ಅಲ್ಲದೆ ಇತ್ತಲೂ ಅಲ್ಲದೆ ನಿಂತಿದ್ದರು. ತನ್ನ ಸಭೆಯಿಂದ ಹಾಗೆ ಹೊರಬಿದ್ದವರನ್ನು ಮತ್ತೆ ಒಳಗೆ ಕರೆದುಕೊಳ್ಳುವುದು ಹೇಗೆಂಬುದು ಅವನ ಮುಂದಿದ್ದ ಪ್ರಶ್ನೆ. ಈ ಪ್ರಶ್ನೆಯನ್ನು ಸ್ವಲ್ಪ ನೆನಪಿನಲ್ಲಿಡಿ. ಇನ್ನೊಬ್ಬ ಹುಡುಗನ ಕಥೆಯಲ್ಲಿ ಇದೇ ಎದುರಾಗುವುದು.

ಕ್ರೈಸ್ತರ ಗ್ರಂಥವು ಕನ್ನಡಕ್ಕೆ ಬಂದುದು ಬಳ್ಳಾರಿಯಲ್ಲಿ. 1810ರಲ್ಲಿ ಅಲ್ಲಿಗೆ ಬಂದ ಜಾನ್ ಹ್ಯಾಂಡ್ಸ್ ಎಂಬ ಇಂಗ್ಲಿಷ್ ಪಾದ್ರಿಯೂ ಅವನ ಜೊತೆಗಾರ ರೀವ್ ಎಂಬವನೂ ಪಂಡಿತರ ನೆರವಿನಿಂದ ಸುಮಾರು ಎರಡು ದಶಕಗಳ ಕಾಲ ದುಡಿದು ಅದನ್ನು ನಮ್ಮ ಭಾಷೆಗೆ ತಂದರು. ಆಮೇಲೆ ಮಂಗಳೂರಿನ ಬಾಸೆಲ್ ಮಿಷನ್ನಿನವರು ಅದನ್ನು ತಿದ್ದಿ ತೀಡಿದರು. ಆ ಕನ್ನಡದಲ್ಲಿ ಬಳಕೆಗೆ ಬಂದ ಒಂದು ಮಾತು ‘ಯೌವನಸ್ಥ’. ನಾವು ತರುಣನೆನ್ನುತ್ತೇವೆ, ಯುವಕನೆನ್ನುತ್ತೇವೆ, ಹಳ್ಳಿಯಲ್ಲಿ ಪ್ರಾಯದವನೆನ್ನುತ್ತೇವೆ. ‘ಗೃಹಸ್ಥ’ನೆಂಬವನು ಮನೆಯಲ್ಲಿ ನಿಂತವನಾದಂತೆ ‘ಯೌವನಸ್ಥ’ನೆಂಬವನು ಯೌವನದಲ್ಲಿ ನಿಂತವನು, ಎಂದರೆ ಅದೊಂದು ಮನೆ, ಅದರಲ್ಲಿ ಅವನು ಈಗ ಬಿಡಾರ ಮಾಡಿದ್ದಾನೆ, ನಾಳೆ ಬಿಟ್ಟು ಹೊರಡುವನು. ಯಾವ ಪಂಡಿತನ ಬಾಯಿಂದ ಬಂದ ಮಾತೋ, ನನಗಂತೂ ಬಹಳ ಹಿಡಿಸಿತು.

ಧರ್ಮಗ್ರಂಥವೆಂದೊಡನೆ ಯುವಕರಿಗೆ ವಿಧಿನಿಷೇಧಗಳ ಉದ್ದನೆಯ ಪಟ್ಟಿ ಇರುವುದೆಂದು ನಾವು ಎಣಿಸುತ್ತೇವಷ್ಟೆ. ಜ್ಞಾನೋಕ್ತಿಗಳೆಂಬ ಗ್ರಂಥದ ಮೊದಲ ಅಧ್ಯಾಯಗಳಲ್ಲಿ ಅಂಥದು ಇಲ್ಲದಿಲ್ಲ. ತಂದೆಯೊಬ್ಬನು ಮಗನನ್ನು ಕೂರಿಸಿಕೊಂಡು ಕೆಟ್ಟ ಸಹವಾಸ, ಸೋಮಾರಿತನ, ಪರಸ್ತ್ರೀಸಂಗ ಇವುಗಳ ಅಪಾಯವನ್ನು ಮತ್ತೆ ಮತ್ತೆ ಹೇಳುತ್ತಾನೆ. ಒಂದು ಕಡೆಯಲ್ಲಿ ಜಾಲಂಧ್ರದ ಕಿಟಕಿಯಿಂದ ಬೀದಿಯನ್ನು ನೋಡುತ್ತ, ಮುಸ್ಸಂಜೆಯ ಹೊತ್ತಿನಲ್ಲಿ ಬುದ್ಧಿಯಿಲ್ಲದ ಹುಡುಗನೊಬ್ಬನು ಹೋಗಬಾರದ ಮೂಲೆಯ ಕಡೆಗೆ ಕಾಲೆಳೆಯುತ್ತ ಹೋಗುವುದನ್ನು ಕಂಡೆನೆನ್ನುತ್ತಾನೆ. ಚಿತ್ರ ಚೆನ್ನಾಗಿದೆ. ಆದರೆ ಆ ಮುದುಕನು ಕಿಟಕಿಯಲ್ಲಿಯೇ ಕುಳಿತನು, ಕೆಳಗಿಳಿದು ಹೋಗಿ ಹುಡುಗನ ಹೆಗಲ ಮೇಲೆ ಕೈಯಿಡಲಿಲ್ಲವೆಂಬ ಆಕ್ಷೇಪವನ್ನು ನಾನು ಅಂದಿನಿಂದ ಇಂದಿನವರೆಗೆ ಬಿಟ್ಟುಕೊಟ್ಟಿಲ್ಲ. ಪ್ರಸಂಗಿಯೆಂಬ ಗ್ರಂಥದವನು ಇದಕ್ಕಿಂತ ಉದಾರಿ. ಯೌವನದಲ್ಲಿ ಸಂತೋಷಪಡು, ಮನಸ್ಸು ಎಳೆದ ದಾರಿಯಲ್ಲಿ ನಡೆ, ಆದರೆ ಇದಕ್ಕೆಲ್ಲ ಲೆಕ್ಕ ಕೇಳುವವನೊಬ್ಬನಿದ್ದಾನೆಂಬುದನ್ನು ಮಾತ್ರ ಮರೆಯಬೇಡವೆಂಬುದು ಅವನ ಮಾತಿನ ತಾತ್ಪರ್ಯ.

ಸತ್ಯವೇದದ ಉತ್ತರಭಾಗವಾದ ಹೊಸ ಒಡಂಬಡಿಕೆಗೆ ಬಂದರೆ ಪಟ್ಟಿಯೇ ಕಿರಿದಾಗುತ್ತದೆ. ಯೇಸುವಿನ ಮತವನ್ನು ಸಾರುತ್ತ ತಿರುಗಿದ ಪೌಲನು ಕ್ರೇತ ದ್ವೀಪದಲ್ಲಿ ಸಭೆಗಳನ್ನು ಕ್ರಮಪಡಿಸಲು ಬಿಟ್ಟುಬಂದ ತೀತನೆಂಬ ಶಿಷ್ಯನಿಗೆ ಅವನ ಹೆಸರಿನಲ್ಲಿ ಬರೆದ ಪತ್ರದಲ್ಲಿ, ಯಾರು ಯಾರಿಗೆ ಏನೇನು ಬೋಧಿಸಬೇಕೆಂಬುದನ್ನು ವಿವರಿಸುವ ಒಂದು ಭಾಗವುಂಟು. ವೃದ್ಧರಿಗೆ ಆರು ಗುಣಗಳನ್ನು ಹೇಳಿದೆ, ವೃದ್ಧೆಯರಿಗೆ ನಾಲ್ಕೈದು, ಯುವತಿಯರಿಗಂತೂ ಇನ್ನೂ ಹೆಚ್ಚು, ಅದು ಅಂದಿನ ಕಾಲದ ಅನ್ಯಾಯವೆಂದು ಈಗಿನವರು ಹೇಳಿದರೆ ನಾನು ವಾದಿಸಲಾರೆ. ಯೌವನಸ್ಥರ ಸರದಿ ಬಂದಾಗ ಲೇಖಕನು ಒಂದೇ ಒಂದು ಕ್ರಿಯಾಪದವನ್ನು ಬರೆದು ಮುಗಿಸುತ್ತಾನೆ. ಗ್ರೀಕಿನಲ್ಲಿ ಅದು ‘ಸೋಫ್ರೊನೆಯಿನ್’. ಸ್ವಸ್ಥವಾದ ಮನಸ್ಸುಳ್ಳವನಾಗಿರು ಎಂದರ್ಥ. ಇಂದ್ರಿಯನಿಗ್ರಹವೆಂದರೆ ಅರ್ಥ ಗಡುಸಾಗುತ್ತದೆ, ವಿವೇಕವೆಂದರೆ ತೆಳುವಾಗುತ್ತದೆ. ನಮ್ಮ ಮನೆಮಾತಿನಲ್ಲಿ ಇದಕ್ಕೆ ಹತ್ತಿರವಾದ ಶಬ್ದ ‘ಹದ’ವೆಂದು ನನಗೆ ತೋರುತ್ತದೆ. ಈ ಊರಿನ ಪುಳಿಯೋಗರೆಯನ್ನು ಬಲ್ಲವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ: ಹುಣಿಸೆಯ ರಸ ಕುದಿದು ಕುದಿದು ಗಟ್ಟಿಯಾಗಿ, ಬಾಣಲೆಯ ಅಂಚಿನಲ್ಲಿ ಎಣ್ಣೆ ಬಿಟ್ಟುಕೊಳ್ಳುವ ಗಳಿಗೆಯೊಂದುಂಟು, ಅದಕ್ಕೆ ಮುಂಚೆ ಇಳಿಸಿದರೆ ಗೊಜ್ಜು ಹಸಿ, ತಡೆದರೆ ಸೀಕಲು. ಒಲೆಯ ಮುಂದೆ ನಿಂತವರಲ್ಲದೆ ಬೇರೆ ಯಾರೂ ಆ ಗಳಿಗೆಯನ್ನು ಹೇಳಲಾರರು, ಪುಸ್ತಕವಂತೂ ಹೇಳಲಾರದು. ಪತ್ರದ ಲೇಖಕನಿಗೆ ಇದು ತಿಳಿದಿತ್ತೆಂದು ತೋರುತ್ತದೆ. ಏಕೆಂದರೆ ಯುವಕರಿಗೆ ಒಂದು ಮಾತು ಹೇಳಿದವನು ಮರುಕ್ಷಣವೇ ತೀತನ ಕಡೆಗೆ ತಿರುಗಿ, ನೀನೇ ಅವರಿಗೆ ಮಾದರಿಯಾಗಿರಬೇಕು, ನಿನ್ನ ಮಾತಿನಲ್ಲಿ ತಪ್ಪು ಹುಡುಕಲಾಗದಂತಿರಬೇಕೆಂದು ಎರಡು ಮೂರು ವಾಕ್ಯಗಳನ್ನು ಬರೆಯುತ್ತಾನೆ. ಹುಡುಗರಿಗೆ ಒಂದು ಮಾತು, ಅವರನ್ನು ನಡೆಸುವವನಿಗೆ ಅದರ ನಾಲ್ಕರಷ್ಟು! ನಮ್ಮ ಪಾಠಶಾಲೆಗಳಲ್ಲಿ ಲೆಕ್ಕ ತಿರುಗಾಮುರುಗಾ ಆಗಿರುವುದನ್ನು ನೀವೂ ಬಲ್ಲಿರಿ, ನಾನೂ ಬಲ್ಲೆ.

ಪೌಲನ ಇನ್ನೊಬ್ಬ ಶಿಷ್ಯ ತಿಮೊಥೆಯನಿಗೆ ಬರೆದ ಎರಡು ಪತ್ರಗಳದ್ದೂ ಇದೇ ರೀತಿ. ಇವುಗಳನ್ನು ಪೌಲನೇ ಬರೆದನೆ, ಅವನ ಶಿಷ್ಯರಲ್ಲೊಬ್ಬನು ಅವನ ಹೆಸರಿನಲ್ಲಿ ಬರೆದನೆ ಎಂಬ ವಿಷಯದಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಓದುವವನಿಗೆ ಮಾತ್ರ ಒಬ್ಬ ಮುದುಕನ ದನಿ ಸ್ಪಷ್ಟವಾಗಿ ಕೇಳಿಸುತ್ತದೆ. ತಿಮೊಥೆಯನ ತಂದೆ ಗ್ರೀಕನು, ತಾಯಿ ಯೂನಿಕೆ ಯೆಹೂದ್ಯಳು. ಶಾಸ್ತ್ರಪರಿಚಯವು ಅವನಿಗೆ ಎಳವೆಯಲ್ಲೇ ಆಯಿತು, ನಂಬಿಕೆಯು ಮೊದಲು ಅಜ್ಜಿ ಲೋವಿಯಲ್ಲಿಯೂ ಆಮೇಲೆ ಆ ತಾಯಿಯಲ್ಲಿಯೂ ನೆಲಸಿತ್ತೆಂದು ಪತ್ರವೇ ಹೇಳುತ್ತದೆ. ಇಂಥವನ ಕೈಗೆ ಎಫೆಸದ ದೊಡ್ಡ ಸಭೆಯ ಹೊಣೆ ಬಂದಿದೆ, ವಯಸ್ಸಾದವರು ಅವನನ್ನು ಹುಡುಗನೆಂದು ತಾತ್ಸಾರ ಮಾಡುತ್ತಿದ್ದಾರೆ. ಪೌಲನು ಅವನಿಗೆ ಅಡಗಿ ನಡೆ ಎನ್ನುವುದಿಲ್ಲ. ನಿನ್ನ ಪ್ರಾಯವನ್ನು ಯಾರೂ ಹಗುರವಾಗಿ ಕಾಣದಂತೆ ನಡೆನುಡಿಗಳಲ್ಲಿಯೂ ಪ್ರೀತಿಯಲ್ಲಿಯೂ ಶುದ್ಧತೆಯಲ್ಲಿಯೂ ನೀನೇ ಅವರಿಗೆ ಮೇಲ್ಪಂಕ್ತಿಯಾಗು ಎಂಬುದು ಅವನ ಉಪದೇಶ. ಮುದುಕರನ್ನು ಗದರಿಸದೆ ತಂದೆಯಂತೆ, ಓರಗೆಯವರನ್ನು ಅಣ್ಣತಮ್ಮಂದಿರಂತೆ, ಹಿರಿಯ ಹೆಂಗಸರನ್ನು ತಾಯಿಯಂತೆ, ಹರೆಯದವರನ್ನು ಅಕ್ಕತಂಗಿಯರಂತೆ ಕಾಣಬೇಕೆಂಬ ಕ್ರಮವನ್ನು ಹೇಳುತ್ತಾನೆ. ಬೀದಿಯಲ್ಲಿ ಕಂಡವರನ್ನೆಲ್ಲ ಅಣ್ಣ, ಅಕ್ಕ, ತಾಯಿ ಎಂದೇ ಕರೆಯುವ ನಮ್ಮ ಮಂಡ್ಯದ ಸೀಮೆಯವರಿಗೆ ಇದು ಹೊಸ ವಿಚಾರವೆನಿಸದು. ಇಷ್ಟೆಲ್ಲ ಗಂಭೀರವಾದ ಮಾತುಗಳ ನಡುವೆ ತಟ್ಟನೆ, ನಿನಗೆ ಪದೇ ಪದೇ ಹೊಟ್ಟೆ ಕೆಡುತ್ತದೆ, ಬರಿಯ ನೀರು ಕುಡಿಯುವುದನ್ನು ಬಿಟ್ಟು ಸ್ವಲ್ಪ ದ್ರಾಕ್ಷಾರಸ ಸೇರಿಸಿಕೋ ಎಂದೂ ಬರೆಯುತ್ತಾನೆ. ಔಷಧದ ವಿಷಯದಲ್ಲಿ ಈ ಕ್ಷೇತ್ರದಲ್ಲಿ ನಾನು ಏನನ್ನೂ ಶಿಫಾರಸು ಮಾಡುವುದಿಲ್ಲ. ಆದರೆ ಶಿಷ್ಯನ ಹೊಟ್ಟೆನೋವಿನ ಚಿಂತೆಯಿಲ್ಲದ ಗುರುವಿನ ನೀತಿಬೋಧೆ ಯಾವ ಹುಡುಗನ ಕಿವಿಗೂ ಇಳಿಯುವುದಿಲ್ಲ.

ಪ್ರಲಾಪಗಳೆಂಬ ಹಳೆಯ ಗ್ರಂಥದಲ್ಲಿ, ಯೌವನದಲ್ಲಿ ನೊಗ ಹೊರುವುದು ಮನುಷ್ಯನಿಗೆ ಒಳ್ಳೆಯದೆಂಬ ಅಭಿಪ್ರಾಯ ಬಂದಿದೆ. ಪಟ್ಟಣದವರು ಇದನ್ನು ಬರಿಯ ಕಷ್ಟಸಹಿಷ್ಣುತೆಯ ಮಾತೆಂದು ಓದಿ ಮುಂದೆ ಹೋಗುತ್ತಾರೆ. ಕೃಷ್ಣರಾಜಪೇಟೆಯ ಕಡೆ ಹೇಮಗಿರಿಯ ದನಗಳ ಜಾತ್ರೆಯನ್ನು ಕಂಡವರು ಬೇರೆ ರೀತಿ ಓದುವರು. ಅಲ್ಲಿ ರೈತನು ಹೋರಿಯ ತುಟಿಯನ್ನು ಹೆಬ್ಬೆರಳಿನಿಂದ ಮೇಲಕ್ಕೆ ಸರಿಸಿ, ಹಾಲುಹಲ್ಲೋ, ಎರಡು ಹಲ್ಲೋ, ಬಾಯಿಗೂಡಿದೆಯೋ ಎಂದು ಎಣಿಸುತ್ತಾನೆ. ಏಕೆಂದರೆ ಪಳಗಿಸುವುದಕ್ಕೂ ಒಂದು ವಯಸ್ಸುಂಟು. ಮನೆಗೆ ತಂದ ಎಳೆಯ ಹೋರಿಯನ್ನು ಅವನು ಒಂಟಿಯಾಗಿ ನೊಗಕ್ಕೆ ಹೂಡುವುದಿಲ್ಲ, ಇನ್ನೊಂದು ಎಳೆಯ ಹೋರಿಯ ಜೊತೆಗೂ ಹೂಡುವುದಿಲ್ಲ. ಸಾಲು ಬಲ್ಲ ಹಳೆಯ ಎತ್ತಿನ ಪಕ್ಕದಲ್ಲಿ ಕಟ್ಟುತ್ತಾನೆ. ನೊಗಕ್ಕೆ ಎರಡು ಕೊರಳು ಎಂಬುದನ್ನು ಮರೆತವರು ಹುಡುಗರಿಗೆ ಕಷ್ಟ ಕಲಿಸಬೇಕೆಂದು ಮಾತ್ರ ಹೇಳುತ್ತಾರೆ.

ಹಳೆಯ ಎತ್ತು ಪಕ್ಕದಲ್ಲಿ ನಡೆಯಲೊಪ್ಪದಿದ್ದರೆ ಏನಾಗುವುದೆಂಬುದಕ್ಕೂ ಆ ಗ್ರಂಥದಲ್ಲಿ ದೃಷ್ಟಾಂತವುಂಟು. ಅರಸನಾದ ಸೌಲನು ತನ್ನ ಕವಚವನ್ನು, ಶತ್ರುವೀರನೊಡನೆ ಕಾದಲು ಹೊರಟ ಕುರುಬರ ಹುಡುಗ ದಾವೀದನಿಗೆ ತೊಡಿಸಿದನು. ಅದು ಭಾರವಾಗಿ ನಡೆಯಲಾರದೆ ಹುಡುಗನು ಕಳಚಿಟ್ಟು, ತನ್ನ ಕವಣೆಯನ್ನೇ ಹಿಡಿದು ಗೆದ್ದುಬಂದನು. ಊರ ಹೆಂಗಸರು ಹುಡುಗನನ್ನು ಹೆಚ್ಚಾಗಿ ಹೊಗಳಿ ಹಾಡಿದ್ದೇ ತಡ, ಅದೇ ಅರಸನು ಅವನು ಕಿನ್ನರಿ ನುಡಿಸುತ್ತ ಕುಳಿತಿದ್ದಾಗ ಈಟಿಯನ್ನು ಎಸೆದನು. ಮೇಲುಕೋಟೆಯಲ್ಲಿ ಈ ಕಥೆಯನ್ನು ಹೇಳುವಾಗ ಇನ್ನೊಂದು ನೆನಪಾಗದಿರದು. ಕಾಂಚಿಯಲ್ಲಿ ಯಾದವಪ್ರಕಾಶರ ಬಳಿ ಓದುತ್ತಿದ್ದ ತರುಣ ರಾಮಾನುಜರು, ಗುರುವಿಗೆ ಎಣ್ಣೆಯೊತ್ತುತ್ತಿದ್ದಾಗ ಉಪನಿಷದ್ವಾಕ್ಯವೊಂದರ ಅಪವ್ಯಾಖ್ಯಾನವನ್ನು ಕೇಳಿ ಕಣ್ಣೀರಿಟ್ಟು, ಬಿಸಿಹನಿ ಗುರುವಿನ ತೊಡೆಯ ಮೇಲೆ ಬಿದ್ದ ಕಥೆಯನ್ನು ನೀವು ತೊಟ್ಟಿಲಿನಿಂದಲೇ ಕೇಳಿದವರು. ಆ ಗುರುವು ಕಾಶಿಯಾತ್ರೆಯ ನೆಪದಲ್ಲಿ ಶಿಷ್ಯನನ್ನು ಇಲ್ಲವಾಗಿಸಲು ಹವಣಿಸಿದ್ದನ್ನೂ, ತಮ್ಮ ಗೋವಿಂದನು ಎಚ್ಚರಿಸಿ ಉಳಿಸಿದ್ದನ್ನೂ ಬಲ್ಲವರು. ನಮ್ಮ ಪರಂಪರೆಯ ಕಥೆ ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಕೊನೆಗೆ ಯಾದವಪ್ರಕಾಶರೇ ಆ ಶಿಷ್ಯನ ಶಿಷ್ಯರಾದರು. ಸೌಲನಿಗೆ ಅಂಥ ಭಾಗ್ಯ ಬರಲಿಲ್ಲ.

ಹುಡುಗರದೇ ತಪ್ಪಾದ ಕಥೆಗಳೂ ಇಲ್ಲದಿಲ್ಲ. ಸೊಲೊಮೋನನ ಮಗ ರೆಹಬ್ಬಾಮನು ಪಟ್ಟಕ್ಕೆ ಬಂದಾಗ ತೆರಿಗೆಯ ಭಾರ ಇಳಿಸೆಂದು ಕೇಳಿದ ಪ್ರಜೆಗಳಿಗೆ, ಮುತ್ಸದ್ದಿಗಳ ಆಲೋಚನೆಯನ್ನು ತಳ್ಳಿ, ತನ್ನೊಡನೆ ಬೆಳೆದ ಗೆಳೆಯರು ಹೇಳಿಕೊಟ್ಟ ಬಿರುಸು ಮಾತನ್ನಾಡಿ, ಹತ್ತು ಕುಲಗಳನ್ನು ಕಳೆದುಕೊಂಡನು. ಆ ಗೆಳೆಯರನ್ನು ಗ್ರಂಥವು ಹುಡುಗರೆಂದೇ ಕರೆಯುತ್ತದೆ; ಅವರೊಡನೆ ಬೆಳೆದ ರೆಹಬ್ಬಾಮನ ವಯಸ್ಸು ಆಗ 41 ಎಂದು ಅದೇ ಗ್ರಂಥ ಮುಂದೆ ಬರೆದಿದೆ!

ತ್ರೋವ ಪಟ್ಟಣದ ಯೂತಿಖನ ವಿಷಯವನ್ನು ಉಪನ್ಯಾಸಕರು ಯಾರೂ ಬಿಡಬಾರದು. ಮೂರನೆಯ ಅಂತಸ್ತಿನ ಕೋಣೆಯಲ್ಲಿ ದೀಪಗಳು ಹೊಗೆಯಾಡುತ್ತಿರಲು, ಮಧ್ಯರಾತ್ರಿಯವರೆಗೂ ಪೌಲನು ಪ್ರಸಂಗ ಮಾಡುತ್ತಿದ್ದಾಗ, ಕಿಟಕಿಯಲ್ಲಿ ಕುಳಿತಿದ್ದ ಈ ಹುಡುಗನು ತೂಕಡಿಸಿ ಕೆಳಕ್ಕೆ ಬಿದ್ದನು. ಪೌಲನು ಓಡಿ ಇಳಿದು ಅವನನ್ನು ತಬ್ಬಿಕೊಂಡು, ಜೀವವಿದೆ ಹೆದರಬೇಡಿರೆಂದನು. ನಿದ್ದೆ ಹೋದದ್ದಕ್ಕಾಗಿ ಆ ಹುಡುಗನನ್ನು ಯಾರೂ ಬೈದಂತೆ ಬರೆದಿಲ್ಲ. ಪ್ರಸಂಗವನ್ನು ಮಾತ್ರ ಮತ್ತೆ ಮುಂದುವರಿಸಿ ಬೆಳಗಿನವರೆಗೆ ನಡೆಸಿದನಂತೆ. ನಾನು ಅಷ್ಟು ದೂರ ಹೋಗುವುದಿಲ್ಲ.

ಇನ್ನು ಯೇಸುವಿನ ಬಳಿಗೆ ಬಂದ ಧನಿಕ ಯುವಕ. ಕಟ್ಟಳೆಗಳನ್ನೆಲ್ಲ ಚಿಕ್ಕಂದಿನಿಂದ ನಡೆಸಿದ್ದೇನೆ, ಇನ್ನೇನು ಕೊರತೆಯೆಂದು ಕೇಳಿದವನಿಗೆ, ಇದ್ದುದನ್ನು ಮಾರಿ ಬಡವರಿಗೆ ಕೊಟ್ಟು ನನ್ನ ಹಿಂದೆ ಬಾ ಎಂಬ ಉತ್ತರ ಬಂದಿತು. ಅವನು ಮುಖ ಬಾಡಿಸಿಕೊಂಡು ಹೊರಟುಹೋದನು. ಮಾರ್ಕನ ಸುವಾರ್ತೆಯಲ್ಲಿ ಮಾತ್ರ ಒಂದು ವಿವರ ಹೆಚ್ಚಾಗಿದೆ: ಆ ಉತ್ತರ ಕೊಡುವ ಮೊದಲು ಯೇಸು ಅವನನ್ನು ದಿಟ್ಟಿಸಿ ನೋಡಿ ಪ್ರೀತಿಸಿದನು. ಹೊರಟುಹೋದವನನ್ನು ಕರೆದು ನಿಲ್ಲಿಸಲಿಲ್ಲ, ಷರತ್ತನ್ನು ಇಳಿಸಲೂ ಇಲ್ಲ.

ಹೋಗದೆ ಹಿಂಬಾಲಿಸಿದವರಿಂದ ಮನೆಗಳಿಗೆ ಬಂದ ನೋವನ್ನೂ ನಾವು ಮರೆಯಲಾಗದು. 1844ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಲದ ಆನಂದರಾವ್ ಕೌಂಡಿನ್ಯ ಎಂಬ ಹತ್ತೊಂಬತ್ತರ ಆಸುಪಾಸಿನ ತರುಣನು, ‘ಮಂಗಳೂರ ಸಮಾಚಾರ’ ಪತ್ರಿಕೆಯ ಪಾದ್ರಿ ಹರ್ಮನ್ ಮೋಗ್ಲಿಂಗನ ಶಿಷ್ಯನಾಗಿ ದೀಕ್ಷೆ ಪಡೆದು, ಗುರುವಿನ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡು, ಎರಡು ವರ್ಷಗಳ ಮೇಲೆ ಅವನೊಡನೆ ಬಾಸೆಲ್ಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಹಿಂದಿರುಗಿದನು. ಕೊಡಗಿನಲ್ಲಿ ದಲಿತ ಕುಟುಂಬಗಳಿಗಾಗಿ ನೆಲೆಗೊಂಡ ಆನಂದಪುರಕ್ಕೆ ಅವನ ಹೆಸರೇ ಹೆಸರಾಯಿತು. ಒಂದು ಕಡೆಯಿಂದ ನೋಡಿದರೆ ಸಾರ್ಥಕವಾದ ಬಾಳು. ಆದರೆ ಆ ದಿನ ಮಂಗಳೂರಿನ ಆ ಮನೆಯಲ್ಲಿ ಒಲೆ ಉರಿಯಿತೆ? ದಂಗೆಯೆದ್ದ ಮಗ ಅಬ್ಷಾಲೋಮನು ಯುದ್ಧದಲ್ಲಿ ಸತ್ತಾಗ, ಗೆದ್ದ ಸುದ್ದಿ ತಂದ ದೂತರನ್ನು, ಆ ವೇಳೆಗೆ ಅರಸನಾಗಿದ್ದ ದಾವೀದನು ಕೇಳಿದ ಪ್ರಶ್ನೆ ಗೆಲುವಿನದಲ್ಲ, ಹುಡುಗ ಕ್ಷೇಮವೆ ಎಂಬುದು. ಆಮೇಲೆ ಊರಬಾಗಿಲ ಮೇಲಿನ ಕೋಣೆಗೆ ಹತ್ತಿಹೋಗಿ ಅತ್ತನು. ಸತ್ಯವೇದವು ಮಕ್ಕಳ ನಿರ್ಧಾರಗಳನ್ನು ಬರೆದಂತೆ ತಂದೆಯರ ಅಳುವನ್ನೂ ಬರೆದಿಟ್ಟಿದೆಯೆಂಬುದು ಅದರ ಪ್ರಾಮಾಣಿಕತೆ.

ಈಗ ಆ ಇನ್ನೊಬ್ಬ ಹುಡುಗನ ಕಥೆ. ಯೆರೂಸಲೇಮಿನಲ್ಲಿ ಮರಿಯಳೆಂಬ ಗೃಹಿಣಿಯ ಮಗ, ಮಾರ್ಕನೆನಿಸಿಕೊಂಡ ಯೋಹಾನ. ಪೌಲನೂ ಅವನ ಜೊತೆಗಾರ ಬಾರ್ನಬನೂ ಮತಬೋಧನೆಯ ಮೊದಲ ಯಾತ್ರೆಗೆ ಹೊರಟಾಗ ಇವನನ್ನು ಸಹಾಯಕನಾಗಿ ಕರೆದುಕೊಂಡು ಹೋದರು. ಕುಪ್ರ ದ್ವೀಪವನ್ನು ದಾಟಿ ಪಂಫುಲ್ಯದ ಕರಾವಳಿಯಲ್ಲಿ ಇಳಿದೊಡನೆ ಇವನು ಇಬ್ಬರನ್ನೂ ಬಿಟ್ಟು ಮನೆಗೆ ಹೊರಟುಬಂದನು. ಜ್ವರವೋ, ಭಯವೋ, ತಾಯಿಯ ನೆನಪೋ, ಗ್ರಂಥವು ಕಾರಣ ಕೊಡುವುದಿಲ್ಲ. ಎರಡನೆಯ ಯಾತ್ರೆಗೆ ಮತ್ತೆ ಅವನನ್ನು ಕರೆದೊಯ್ಯೋಣವೆಂದು ಬಾರ್ನಬನು ಹೇಳಲು, ನಡುದಾರಿಯಲ್ಲಿ ಕೈಬಿಟ್ಟವನು ಬೇಡವೆಂದು ಪೌಲನು ಹಟ ಹಿಡಿದನು. ಮಾತಿಗೆ ಮಾತು ಬೆಳೆದು, ಅಷ್ಟು ವರ್ಷ ಜೊತೆಯಲ್ಲಿ ದುಡಿದ ಇಬ್ಬರು ಹಿರಿಯರು ಒಬ್ಬ ಹುಡುಗನ ದೆಸೆಯಿಂದ ಬೇರೆಯಾದರು. ಬಾರ್ನಬನು ಮಾರ್ಕನ ಕೈಹಿಡಿದು ಮತ್ತೆ ಕುಪ್ರಕ್ಕೆ ಹಡಗು ಹತ್ತಿದನು. ಪೌಲನು ಸೀಲನನ್ನು ಕರೆದುಕೊಂಡು ಇನ್ನೊಂದು ದಾರಿ ಹಿಡಿದನು. ಇದರ ಮುಂದಿನ ಅಧ್ಯಾಯದ ಮೊದಲಲ್ಲೇ ಪೌಲನಿಗೆ ಲುಸ್ತ್ರದಲ್ಲಿ ತಿಮೊಥೆಯ ಸಿಕ್ಕುತ್ತಾನೆ. ಒಬ್ಬ ಹುಡುಗನನ್ನು ತಳ್ಳಿದವನಿಗೆ ಒಡನೆಯೇ ಇನ್ನೊಬ್ಬನು ದೊರೆತನೆಂಬುದನ್ನು ಕಥೆಗಾರನು ಯಾವ ಟೀಕೆಯನ್ನೂ ಮಾಡದೆ ಪಕ್ಕಪಕ್ಕದಲ್ಲಿ ಇಟ್ಟಿದ್ದಾನೆ.

ಮೇಷ್ಟರಾಗಿದ್ದಾಗ ನಾನು ಪೌಲನ ಪಕ್ಷದವನಾಗಿದ್ದೆ. ಶಾಲೆಯ ನಾಟಕಕ್ಕೆ ಎರಡು ತಿಂಗಳು ಅಭ್ಯಾಸ ಮಾಡಿ, ಆಟದ ಹಿಂದಿನ ರಾತ್ರಿ ಊರಿಗೆ ಓಡಿಹೋದ ಹುಡುಗನೊಬ್ಬನಿದ್ದ. ಮರುವರ್ಷ ಬಂದು, ಬಾಗಿಲ ಹೊರಗೆ ನಿಂತು, ಈ ಸಲ ದೀಪ ಹಿಡಿಯುವ ಕೆಲಸವನ್ನಾದರೂ ಕೊಡಿ ಸಾರ್ ಎಂದ. ನಾನು ಕೈಯಲ್ಲಿದ್ದ ಪುಸ್ತಕದಿಂದ ಕಣ್ಣೆತ್ತಲಿಲ್ಲ. ಸ್ವಲ್ಪ ಹೊತ್ತು ಅವನ ನೆರಳು ಹೊಸಲಿನ ಮೇಲಿತ್ತು, ಆಮೇಲೆ ಇರಲಿಲ್ಲ. ನಮ್ಮ ಶಾಲೆಯಲ್ಲಿ ಅಂದು ಬಾರ್ನಬನೊಬ್ಬನಿದ್ದಿದ್ದರೆ ನನ್ನೊಡನೆ ಜಗಳವಾಡುತ್ತಿದ್ದನು. ಆ ಜಗಳ ನನಗೂ ಬೇಕಾಗಿತ್ತು. ಗಂಜಾಮಿನಲ್ಲಿ ದ್ಯುಬುವಾ ತನ್ನವರನ್ನು ಮತ್ತೆ ಒಳಗೆ ಕರೆದುಕೊಂಡ ವೃತ್ತಾಂತವನ್ನು ಓದುವಾಗ, ಅವನ ಪುಸ್ತಕದ ಮೇಲಿನ ನನ್ನ ಕೋಪ ಅರ್ಧ ಇಳಿಯುವುದು ಈ ಕಾರಣದಿಂದಲೇ.

ಪೌಲನಿಗೂ ಜ್ಞಾನೋದಯವಾಗಲು ವರ್ಷಗಳು ಹಿಡಿದವು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ಅವನು ಸೆರೆಯಲ್ಲಿದ್ದಾನೆ, ಸಾವು ಹತ್ತಿರದಲ್ಲಿದೆ, ಜೊತೆಯಲ್ಲಿದ್ದವರು ಒಬ್ಬೊಬ್ಬರಾಗಿ ಚದುರಿದ್ದಾರೆ, ಲೂಕನೊಬ್ಬನೇ ಉಳಿದಿದ್ದಾನೆ. ಆಗ ಅವನು ಶಿಷ್ಯನಲ್ಲಿ ಬೇಡುವುದು ಕೆಲವೇ ಸಂಗತಿಗಳು. ಬರುವಾಗ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನು; ತ್ರೋವದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟ ನನ್ನ ಮೇಲಂಗಿಯನ್ನು ತಾ; ಪುಸ್ತಕಗಳನ್ನು, ಅದರಲ್ಲೂ ಚರ್ಮದ ಹಾಳೆಗಳನ್ನು ಮರೆಯದೆ ತಾ; ಚಳಿಗಾಲಕ್ಕೆ ಮೊದಲು ಬರಲು ಪ್ರಯತ್ನಮಾಡು. ಇಬ್ಬರು ಹುಡುಗರು ಚಳಿಗಾಲಕ್ಕೆ ಮೊದಲು ಹೋಗಿ ತಲಪಿದರೋ ಇಲ್ಲವೋ, ಆ ಪತ್ರದಲ್ಲಿಯೂ ಇಲ್ಲ, ಸತ್ಯವೇದದ ಬೇರೆ ಯಾವ ಪುಟದಲ್ಲಿಯೂ ಇಲ್ಲ.